ಗೆಡ್ಡೆಯ ಕಣ್ಣು, ಪಹಣಿಯ ಕಲಂ

ಮೇ ಕೊನೆಯ ವಾರ. ಹಾಸನದ ಹತ್ತಿರದ ಹೊಲವೊಂದರಲ್ಲಿ ಬಿತ್ತನೆ ಆಲೂಗೆಡ್ಡೆ ಕತ್ತರಿಸುತ್ತಿದ್ದರು. ನಾವು ಬಿ.ಎ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದದ್ದು ಪ್ರಶ್ನೆ ಕೇಳುವುದನ್ನು ಕಲಿಯಲಿ ಎಂದು.

"ಎಕರೆಗೆ ಇಳುವರಿ ಎಷ್ಟು?" ಎಂದ ಒಬ್ಬ ಹುಡುಗ. "ಮಳೆ ಹೆಂಗೋ ಹಂಗೆ ಕಣಪ್ಪ" ಎಂದರು ಯಜಮಾನರು. "ಹೋದ ವರ್ಷ ಎಷ್ಟು ಮೂಟೆ ಬಿತ್ತನೆ ತಂದ್ರಿ, ಎಷ್ಟು ಮೂಟೆ ಕಿತ್ರಿ?" ಎಂದು ಕೇಳಿದಾಗ ಬಾಡಿಗೆ, ಔಷಧಿ, ಕೂಲಿ ಎಲ್ಲವೂ ಲೆಕ್ಕ ಸಮೇತ ಬಂತು. ರೈತರ ಲೆಕ್ಕ ಇರುವುದು ಮೂಟೆಯಲ್ಲಿ.

ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರದ ಕಡೆಯದು. ಶೀತಲ ಗೃಹದಿಂದ ತಂದದ್ದನ್ನು ನೇರ ಮಣ್ಣಿಗೆ ಹಾಕಿದರೆ ಕೊಳೆಯುತ್ತದೆ; ಮಂದ ಬೆಳಕಿನಲ್ಲಿ ಹರಡಿ ಹತ್ತು ದಿನವಾದರೂ ಮೊಳಕೆಗೆ ಬಿಡಬೇಕು. ಅಜ್ಜಿಯೊಬ್ಬರು ಗೆಡ್ಡೆ ತಿರುಗಿಸಿ, ತುಂಡಿಗೆ ಎರಡು ಕಣ್ಣು ಬರುವಂತೆ ಉದ್ದಕ್ಕೆ ಸೀಳುತ್ತಿದ್ದರು. "ಕಣ್ಣಿಲ್ದಿದ್ ತುಂಡು ಹುಟ್ಟಲ್ಲ ಕಣವ್ವ." ಒಳಗೆ ಕಂದು ಉಂಗುರ ಕಂಡ ಗೆಡ್ಡೆ ಪಕ್ಕಕ್ಕೆ ಹೋಯಿತು, ಕತ್ತಿಯನ್ನು ಔಷಧಿ ನೀರಿಗೆ ಅದ್ದಿದರು. ಇಲ್ಲದಿದ್ದರೆ ಅದೇ ಕತ್ತಿ ಮುಂದಿನ ಗೆಡ್ಡೆಗೂ ರೋಗ ಹಚ್ಚುತ್ತದೆ. ತುಂಡುಗಳನ್ನು ನೆರಳಿನಲ್ಲಿ ಒಣಗಿಸಿದರು. ಹಸಿಯಾಗಿಯೇ ಮೂಟೆ ಕಟ್ಟಿದರೆ ಬಿಸಿಯೇರಿ ಕೊಳೆತ ವಾಸನೆ ಬರುತ್ತದೆ.

ಮಧ್ಯಾಹ್ನ ಜಮೀನಿನ ದಾಖಲೆಯಾದ ಪಹಣಿ ಬಿಚ್ಚಿದೆವು. ಕಲಾ ವಿದ್ಯಾರ್ಥಿಗಳ ನಿಜವಾದ ಕೆಲಸ ಇಲ್ಲಿದೆ ಎಂಬುದು ನಮ್ಮ ಗಟ್ಟಿ ನಂಬಿಕೆ. ಆಲೂಗೆಡ್ಡೆಗೆ ಬರುವ ಅಂಗಮಾರಿ ರೋಗಕ್ಕೆ ಔಷಧಿ ಹೇಳಲು ಕೃಷಿ ಓದಿದವರಿದ್ದಾರೆ. ಕಾಗದ ಓದಿ ಹೇಳುವವರೇ ಕಡಿಮೆ. ಮಾಲೀಕರ ಹೆಸರಿರುವ 9ನೇ ಕಲಂನಲ್ಲಿ ಯಜಮಾನರ ತೀರಿಹೋದ ತಂದೆಯ ಹೆಸರೇ ಇತ್ತು. ಬೆಳೆ ಬರೆಯುವ 12ರಲ್ಲಿ ಜೋಳ ಎಂದಿತ್ತು, ಹೊಲದಲ್ಲಿದ್ದದ್ದು ಆಲೂಗೆಡ್ಡೆ. ಹೀಗೆ ಬೆಳೆ ತಪ್ಪಾಗಿ ದಾಖಲಾದರೆ ಅಂಗಮಾರಿ ಬಂದು ಹೊಲ ಕರಕಲಾದ ವರ್ಷ ವಿಮೆ, ಪರಿಹಾರ ಎರಡಕ್ಕೂ ತೊಡಕು.

ತೀರಿಹೋದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಮರಣ ಪತ್ರ, ವಂಶವೃಕ್ಷ ಬೇಕು. ವಂಶವೃಕ್ಷ ಬರೆಯಲು ಇಬ್ಬರು ಹುಡುಗಿಯರು ಅಜ್ಜಿಯ ಪಕ್ಕ ಕೂತರು. ಅಜ್ಜಿ ಮೂವರು ಗಂಡುಮಕ್ಕಳ ಹೆಸರು ಹೇಳಿ ನಿಲ್ಲಿಸಿದರು. ಹೆಣ್ಣುಮಕ್ಕಳಿಗೂ ಸಮಪಾಲು ಎಂಬ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು ಓದಿದ್ದ ಹುಡುಗಿ ಕೇಳಿದಳು: "ಹೆಣ್ಮಕ್ಳು ಎಷ್ಟು ಜನ ಅಜ್ಜಿ?"

"ಇಬ್ರು ಕಣವ್ವ. ಕೊಟ್ಟಾಯ್ತಲ್ಲ, ಅವ್ರ ಹೆಸ್ರು ಯಾಕೆ?"

ಬಿಟ್ಟರೆ ನಾಳೆ ತಕರಾರು ಬಿದ್ದು ಖಾತೆಯೇ ನಿಲ್ಲುತ್ತದೆ ಎಂದು ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಅಜ್ಜಿ ಕತ್ತಿ ಕೆಳಗಿಟ್ಟು ಇಬ್ಬರ ಹೆಸರನ್ನೂ ಬರೆಸಿದರು.