ಕೊಟ್ಟೆ ಒಡೆಯದ ಔಟ್‌ಲೈನರ್

ನನ್ನ ಅತ್ತೆ ಸಾಗರದ ಹತ್ತಿರದ ಹಳ್ಳಿಯಲ್ಲಿ ಅಡಕೆ ತೋಟ ನೋಡಿಕೊಂಡು ಇದ್ದಾರೆ. ಅವರ ಬಾಯಲ್ಲಿ ಬರುವ ತೋಟದ ಮಾತುಗಳನ್ನು ನಾಲ್ಕು ವರ್ಷದಿಂದ ಬರೆದಿಡುತ್ತಿದ್ದೇನೆ. ಸಿಂಗಾರ, ಹಾಳೆ, ಸೋಗೆ, ಗೊನೆ, ಚೊಗರು, ಚಾಲಿ, ಗೊರಬಲು. ಇಲ್ಲಿವರೆಗೆ ಸುಮಾರು 1,400 ಸಾಲು ಆಗಿದೆ. ಅಕಾರಾದಿಯಾಗಿ ಜೋಡಿಸಿದರೆ ಅವು ಸತ್ತ ಪದಗಳ ಪಟ್ಟಿ ಆಗುತ್ತವೆ. ಯಾವ ಕೆಲಸದ ಹೊಟ್ಟೆಯಲ್ಲಿ ಯಾವ ಮಾತು ಇದೆ ಅನ್ನುವುದು ಉಳಿಯಬೇಕು. ಅದಕ್ಕೇ ನನಗೆ ಔಟ್‌ಲೈನರ್ ಬೇಕಾಯಿತು. ಸಾಲಿನ ಕೆಳಗೆ ಸಾಲು, ಅದರ ಒಳಗೆ ಇನ್ನೊಂದು ಸಾಲು, ಬೇಡದಾಗ ಮಡಚಿಡುವುದು.

ಇದು ಹೊಸ ಯೋಚನೆ ಏನಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಕಂಪ್ಯೂಟರ್ ಸಂಶೋಧಕ ಪರದೆಯ ಮೇಲೆ ಮನೆಗೆ ತರಬೇಕಾದ ದಿನಸಿ ಪಟ್ಟಿಯನ್ನು ಗುಂಪು ಮಾಡಿ, ಮಡಚಿ, ಬಿಚ್ಚಿ ತೋರಿಸಿದ್ದರು. ನನಗೆ ಬೇಕಾದದ್ದೂ ಅಷ್ಟೇ. ಆದರೆ ಕನ್ನಡದಲ್ಲಿ.

ಯಾವ ಔಟ್‌ಲೈನರ್ ಸಿಕ್ಕರೂ ಮೊದಲು ಒಂದು ಪದ ಟೈಪ್ ಮಾಡಿ ನೋಡುತ್ತೇನೆ. ಕೊಟ್ಟೆ. ಮಳೆಗಾಲಕ್ಕೆ ಮುಂಚೆ ಅಡಕೆ ಗೊನೆಗೆ ಕೊಳೆ ಬರದ ಹಾಗೆ ಕಟ್ಟುತ್ತಾರಲ್ಲ, ಅದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಅದಕ್ಕೆ ಆರು ಸಲ ಗುಂಡಿ ಒತ್ತಬೇಕು. ಕಂಪ್ಯೂಟರ್ ಒಳಗೂ ಅದು ಆರು ತುಂಡು: ಕ, ಒ ಸ್ವರದ ಗುರುತು, ಟ, ಅರ್ಧಾಕ್ಷರದ ಗುರುತು, ಇನ್ನೊಂದು ಟ, ಎ ಸ್ವರದ ಗುರುತು. ಕಣ್ಣಿಗೆ ಮಾತ್ರ ಎರಡೇ ಅಕ್ಷರ. ಈಗ ಪದದ ಕೊನೆಯಲ್ಲಿ ಕರ್ಸರ್ ಇಟ್ಟು ಎಡ ಬಾಣ ಒಂದು ಸಲ ಒತ್ತಿ. ಕೆಲವು ಆ್ಯಪ್‌ಗಳಲ್ಲಿ ಕರ್ಸರ್ ಇಡೀ 'ಟ್ಟೆ' ದಾಟಿ ಹೋಗುತ್ತದೆ. ಕೆಲವದರಲ್ಲಿ ಒತ್ತಕ್ಷರದ ನಡುವೆ ನಿಂತುಬಿಡುತ್ತದೆ. ಅಲ್ಲಿ ಎಂಟರ್ ಒತ್ತಿದರೆ ಮೇಲೆ 'ಕೊಟ್', ಕೆಳಗಿನ ಸಾಲಿನಲ್ಲಿ 'ಟೆ'.

ಒಡೆದದ್ದು ದೊಡ್ಡ ತಪ್ಪಲ್ಲ. ಕೆಳಗಿನ ಸಾಲಿನ ಶುರುವಿನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದಾಗ ಏನಾಗುತ್ತದೆ ಅನ್ನುವುದನ್ನು ನೋಡಬೇಕು. ಎರಡೂ ಸಾಲು ಕೂಡಿ ಮತ್ತೆ 'ಕೊಟ್ಟೆ' ಬಂದರೆ ಆ ಆ್ಯಪ್ ಪಾಸು. ಸಾಲು ಕೂಡಿಸುವಾಗ ನಡುವೆ ತಾನೇ ಒಂದು ಜಾಗ ಸೇರಿಸಿ 'ಕೊಟ್ ಟೆ' ಮಾಡಿದರೆ ನಾನು ಅಲ್ಲಿಗೇ ಬಿಟ್ಟುಬಿಡುತ್ತೇನೆ. ಇಂಗ್ಲಿಷಿನಲ್ಲಿ ಎರಡು ಸಾಲು ಸೇರಿದಾಗ ಒಂದು ಜಾಗ ಬಿದ್ದರೆ ಯಾರಿಗೂ ತೊಂದರೆ ಇಲ್ಲ. ಕನ್ನಡದಲ್ಲಿ ಅಕ್ಷರವೇ ಮುರಿಯುತ್ತದೆ. ಆಮೇಲೆ ಹುಡುಕಿದರೆ ಆ ಪದ ಸಿಗುವುದೇ ಇಲ್ಲ.

ಎರಡನೇ ತೊಂದರೆ ಕಂಡಿದ್ದು ತಂಗಿಯಿಂದ. ಅವಳು ಬೆಂಗಳೂರಿನಲ್ಲಿದ್ದಾಳೆ. ಅತ್ತೆಯ ಮಾತಿನ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿಕೊಡುತ್ತಾಳೆ. ಅವಳು ಇಂಗ್ಲಿಷ್ ಅಕ್ಷರ ಒತ್ತಿ ಉಚ್ಚಾರಣೆಯ ಹಾಗೆ ಕನ್ನಡ ಬರೆಯುವವಳು. ಆ ವಿಧಾನದಲ್ಲಿ ಪದ ಪಕ್ಕಾ ಆಗುವವರೆಗೆ ಅದರ ಕೆಳಗೆ ಒಂದು ಗೆರೆ ಇರುತ್ತದೆ. ಗೆರೆ ಇರುವಾಗಲೇ ಟ್ಯಾಬ್ ಒತ್ತಿದಳು ಅನ್ನಿ. ಆ್ಯಪ್ ಸಾಲನ್ನು ಒಳಗೆ ಸರಿಸುತ್ತದೆ. ಆದರೆ ಗೆರೆಯಡಿಯ ಅಕ್ಷರ ಇನ್ನೂ ಆ್ಯಪಿನ ಕೈಗೆ ಬಂದಿರುವುದಿಲ್ಲ. 'ಚೊಗರು' ಇದ್ದದ್ದು 'ಚೊಗ' ಆಗಿ ಒಳಗೆ ಹೋಯಿತು. ಹೀಗೆ ಬಾಲ ಕಳೆದುಕೊಂಡ 30 ಪದ ನಮಗೆ ಸಿಕ್ಕವು. ಒಂದೊಂದನ್ನೂ ರೆಕಾರ್ಡಿಂಗ್ ಜೊತೆ ಹೋಲಿಸಿ ಸರಿ ಮಾಡಿದಳು ಪಾಪ. ಟೈಪಿಂಗ್ ಮುಗಿಯಿತೋ ಇಲ್ಲವೋ ಅಂತ ನೋಡಿ ಆಮೇಲೆ ಟ್ಯಾಬ್, ಎಂಟರ್ ಕೆಲಸ ಮಾಡಬೇಕು ಅನ್ನುವುದು ಆ್ಯಪ್ ಬರೆಯುವವರ ಜವಾಬ್ದಾರಿ. ಜಪಾನಿ, ಚೀನಿ ಬರೆಯುವವರಿಗೂ ಇದೇ ಬೇಕು.

ಟ್ಯಾಬ್ ಗುಂಡಿಯ ಅರ್ಥವೂ ಎಲ್ಲ ಕಡೆ ಒಂದೇ ಅಲ್ಲ. ವರ್ಕ್‌ಫ್ಲೋವಿ, ಲಾಗ್‌ಸೀಕ್ ಎಂಬ ಎರಡು ಔಟ್‌ಲೈನರ್‌ಗಳಲ್ಲೂ ಟ್ಯಾಬ್ ಒತ್ತಿದರೆ ಸಾಲು ಒಳಗೆ ಹೋಗುತ್ತದೆ, ಶಿಫ್ಟ್ ಟ್ಯಾಬ್ ಒತ್ತಿದರೆ ಹೊರಗೆ ಬರುತ್ತದೆ. ನಾನು ಈಗ ಬಳಸುವುದು ಈಮ್ಯಾಕ್ಸ್ ಎಂಬ ಬರವಣಿಗೆ ತಂತ್ರಾಂಶದ ಒಳಗಿನ ಆರ್ಗ್ ಮೋಡ್. ಅದರಲ್ಲಿ ಟ್ಯಾಬ್ ಮಡಚುತ್ತದೆ, ಬಿಚ್ಚುತ್ತದೆ. ಒಳಗೆ ಸರಿಸಲು ಆಲ್ಟ್ ಜೊತೆ ಬಲ ಬಾಣ. ಒಳಗಿನ ಸಾಲುಗಳ ಸಮೇತ ಸರಿಸಲು ಆಲ್ಟ್, ಶಿಫ್ಟ್, ಬಲ ಬಾಣ. ಕೈಗೆ ಅಭ್ಯಾಸ ಆಗಲು ಎರಡು ವಾರ ಬೇಕಾಯಿತು. ಆದರೆ ನನಗೆ ಇದೇ ಸರಿ ಅನ್ನಿಸುತ್ತದೆ. ಸರಿಸುವುದಕ್ಕಿಂತ ಮಡಚಿ ಬಿಚ್ಚುವುದೇ ದಿನಕ್ಕೆ ನೂರು ಸಲ ಮಾಡುವ ಕೆಲಸ. ಅದಕ್ಕೆ ಒಂದೇ ಗುಂಡಿ ಇರಬೇಕು.

ಸರಿಸುವ ಕೆಲಸ ಅತ್ತೆ ಎದುರು ಕೂತಾಗ ಬರುತ್ತದೆ. ನಾನು ಓದುತ್ತೇನೆ, ಅವರು ಹಾಳೆ ಹೆರೆಯುತ್ತಾ ಕೇಳುತ್ತಾರೆ. ಒಂದು ಸಲ ಕೈ ನಿಲ್ಲಿಸಿ, "ಚೊಗರನ್ನ ಬಣ್ಣದ ಕೆಳಗೆ ಎಂತಕ್ಕೆ ಹಾಕಿದೀಯ ಮಾರಾಯ? ಅದು ಬೇಯಿಸೋ ಹಂಡೆಗೆ ಸೇರಿದ್ದು" ಅಂದರು. ಚೊಗರು ಅಂದರೆ ಅಡಕೆ ಬೇಯಿಸಿದಾಗ ಉಳಿಯುವ ಗಟ್ಟಿ ರಸ. ಆಲ್ಟ್ ಹಿಡಿದು ಮೇಲಿನ ಬಾಣ ನಾಲ್ಕು ಸಲ. ಚೊಗರು ತನ್ನ ಒಳಗಿನ ಆರು ಸಾಲು ಕಟ್ಟಿಕೊಂಡು ಹಂಡೆಯ ಪಕ್ಕ ಹೋಗಿ ಕೂತಿತು. ಮೌಸ್ ಹುಡುಕುತ್ತಾ ಕೂತಿದ್ದರೆ ಅವರು ಹೇಳಿದ ಮುಂದಿನ ಮಾತು ತಪ್ಪಿಹೋಗುತ್ತಿತ್ತು.

ಇನ್ನು ಫೈಲ್ ವಿಷಯ. ನನಗೆ ಹೊಟ್ಟೆ ಉರಿದದ್ದು ಇಲ್ಲೇ.

ಶುರುವಿನಲ್ಲಿ ನಾನು ಬಳಸಿದ ಆ್ಯಪ್ ಎಲ್ಲವನ್ನೂ ತನ್ನ ಸರ್ವರಿನಲ್ಲೇ ಇಡುತ್ತಿತ್ತು. ಹೆಸರು ಬೇಡ. ಜುಲೈ ತಿಂಗಳು, ಎರಡು ದಿನದಿಂದ ನೆಟ್‌ವರ್ಕ್ ಇಲ್ಲ. ತೆರೆದೇ ಇದ್ದ ಪುಟದಲ್ಲಿ ಸಂಜೆಯಿಡೀ ಬರೆದೆ. ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಆರಿತು. ನೆಟ್‌ವರ್ಕ್ ಬಂದ ಮೇಲೆ ತೆರೆದರೆ ಎರಡು ದಿನದ ಹಿಂದಿನ ಪಟ್ಟಿ. ಆ ಸಂಜೆ ಅತ್ತೆ ಕೊಳೆ ರೋಗದ ಬಗ್ಗೆ ಹೇಳಿದ್ದರು, ಸುಮಾರು 40 ಮಾತು. ರೆಕಾರ್ಡ್ ಮಾಡಿರಲಿಲ್ಲ. ಮತ್ತೆ ಕೇಳಿದಾಗ ಅವರಿಗೆ ಅದೇ ಓಟದಲ್ಲಿ ಬರಲಿಲ್ಲ.

ಅಲ್ಲಿಂದ ಹೊರಡುವಾಗ ಒಪಿಎಂಎಲ್ ಫೈಲಾಗಿ ಇಳಿಸಿಕೊಂಡೆ. ಒಪಿಎಂಎಲ್ ಅಂದರೆ ಡೇವ್ ವೈನರ್ 2000ದಲ್ಲಿ ಮಾಡಿದ ಔಟ್‌ಲೈನ್ ಫೈಲ್ ಮಾದರಿ. 1983ರಲ್ಲಿ ಥಿಂಕ್‌ಟ್ಯಾಂಕ್ ಎಂಬ ಔಟ್‌ಲೈನರ್ ತಂದವರೂ ಅವರೇ. ಆ ಮಾದರಿಯಲ್ಲಿ ಸಾಲಿನ ಮಾತು ಖಂಡಿತ ಉಳಿಯುತ್ತದೆ. ಸಾಲಿನ ಅಡಿಯಲ್ಲಿ ಬರೆದ ಟಿಪ್ಪಣಿಗೆ ಮಾತ್ರ ಆ ಗ್ಯಾರಂಟಿ ಇಲ್ಲ. ಅದು ಬೇರೆ ಗುಣವಾಗಿ ಫೈಲಿನಲ್ಲಿ ಕೂತಿರುತ್ತದೆ, ಓದಲೇಬೇಕು ಅನ್ನುವ ನಿಯಮ ಇಲ್ಲ. ನಾನು ಫೈಲ್ ತುಂಬಿಸಿದ ಎರಡನೇ ಆ್ಯಪ್ ಅದನ್ನು ಓದಲಿಲ್ಲ. ಪದಗಳು ಬಂದವು, ಅರ್ಥಗಳು ಬರಲಿಲ್ಲ. ಹಳೆಯ ಫೈಲನ್ನು ಅಳಿಸದೆ ಇಟ್ಟದ್ದು ಪುಣ್ಯ.

ಆರ್ಗ್ ಮೋಡ್‌ಗೆ ಬಂದದ್ದು ಅದರ ಫೈಲ್ ನೋಡಿ. 2003ರಲ್ಲಿ ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ ಶುರು ಮಾಡಿದ್ದು. ಫೈಲ್ ತೆರೆದರೆ ಬರೀ ಇಷ್ಟು:

* ಮಳೆಗಾಲ
** ಕೊಳೆ ರೋಗ
*** ಕೊಟ್ಟೆ ಕಟ್ಟುವುದು
ಈಗ ಪ್ಲಾಸ್ಟಿಕ್. ಅತ್ತೆ ಚಿಕ್ಕವರಿದ್ದಾಗ ಕರಡದ ಹುಲ್ಲಿನದು.

ಎಷ್ಟು ನಕ್ಷತ್ರವೋ ಅಷ್ಟು ಆಳ. ಟಿಪ್ಪಣಿ ಅದರ ಕೆಳಗೇ ಇದೆ, ಬೇರೆ ಎಲ್ಲೂ ಅಡಗಿಲ್ಲ. ನಾಳೆ ಈಮ್ಯಾಕ್ಸ್ ಇಲ್ಲದ ಯಂತ್ರದಲ್ಲಿ ತೆರೆದರೂ ಓದಬಹುದು. ಕನ್ನಡದ ಒಂದೊಂದು ಗುರುತಿಗೂ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ 3 ಬೈಟ್ ಬೇಕು. ಆದರೂ ನಾಲ್ಕು ವರ್ಷದ ಕೆಲಸ 200 ಕೆಬಿ ಮುಟ್ಟಿಲ್ಲ.

ಕಡತದ ಹೆಸರಿನಲ್ಲೂ ಒಂದು ಪೆಟ್ಟು ತಿಂದೆವು. ತಂಗಿ ತನ್ನ ಹಳೆಯ ಮ್ಯಾಕ್‌ನಿಂದ ಜಿಪ್ ಮಾಡಿ ಕಳಿಸಿದ್ದನ್ನು ಬಿಚ್ಚಿದಾಗ ನನ್ನ ಫೋಲ್ಡರಿನಲ್ಲಿ 'ತೋಟ' ಅನ್ನುವ ಫೈಲ್ ಎರಡಾಯಿತು. ಒಂದೇ ಹೆಸರು, ಒಂದೇ ಫೋಲ್ಡರ್. ಹೇಗೆ ಸಾಧ್ಯ ಅಂತ ಹೆಸರಿನ ಬೈಟ್‌ಗಳನ್ನು ಎಣಿಸಿದೆ. ನನ್ನ 'ತೋಟ' 9 ಬೈಟ್. ಅವಳ 'ತೋಟ' 15 ಬೈಟ್. 2017ರಲ್ಲಿ ಎಪಿಎಫ್‌ಎಸ್ ಎಂಬ ಹೊಸ ಕಡತ ವ್ಯವಸ್ಥೆ ಬರುವ ಮೊದಲು ಮ್ಯಾಕ್‌ನಲ್ಲಿದ್ದ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ಓ ಸ್ವರದ ಗುರುತು ಒಂದೇ ಆಗಿದ್ದದ್ದು ಮೂರು ತುಂಡಾಗುತ್ತದೆ: ಎ ಗುರುತು, ಊ ಗುರುತು, ಕೊನೆಯ ದೀರ್ಘದ ಗುರುತು. ತೆರೆಯ ಮೇಲೆ ಎರಡೂ ಒಂದೇ. ನನ್ನ ಯಂತ್ರದ ಲಿನಕ್ಸ್‌ಗೆ ಮಾತ್ರ ಬೇರೆ ಬೇರೆ. ಫೈಲಿನ ಒಳಗಿನ ಬರಹಕ್ಕೆ ಏನೂ ಆಗಿರಲಿಲ್ಲ. ಆದರೆ ಮೂರು ವಾರ ಅವಳು ಸೇರಿಸಿದ್ದೆಲ್ಲ ಒಂದರಲ್ಲಿ, ನಾನು ತಿದ್ದಿದ್ದೆಲ್ಲ ಇನ್ನೊಂದರಲ್ಲಿ. ಸಾಲು ಸಾಲು ಹೋಲಿಸಿ ಕೂಡಿಸಲು ಒಂದು ಭಾನುವಾರ ಪೂರ್ತಿ ಹೋಯಿತು.

ಈಗ ಫೈಲಿನ ಹೆಸರು ಬರೀ ಅಂಕಿ. 01, 02, 03. ಕನ್ನಡ ಹೆಸರು ಫೈಲಿನ ಮೊದಲ ಸಾಲಿನಲ್ಲಿ ಇರುತ್ತದೆ. ಹೀಗೆ ಮಾಡಬೇಕಾಗಿ ಬಂದದ್ದಕ್ಕೆ ಬೇಜಾರಿದೆ. 'ತೋಟ' ಅನ್ನುವ ಹೆಸರಿಡಲು ಹಿಂದೆಮುಂದೆ ನೋಡಬೇಕಾದ ಸ್ಥಿತಿ ಇರಬಾರದು, ಅಲ್ವಾ?

ಹಳೆಯ ಒಪಿಎಂಎಲ್‌ನಲ್ಲಿ ಉಳಿದ ಟಿಪ್ಪಣಿಗಳನ್ನು ಈಗ ಒಂದೊಂದಾಗಿ ಹೊಸ ಫೈಲಿಗೆ ತರುತ್ತಿದ್ದೇನೆ. ಸ್ಕ್ರಿಪ್ಟ್ ಬರೆದು ಒಂದೇ ಏಟಿಗೆ ತರಬಹುದು. ಆದರೆ ತರುವಾಗ ಅತ್ತೆಗೆ ಓದಿ ಹೇಳಿದರೆ ಅವರು ಇನ್ನೊಂದು ಮಾತು ಸೇರಿಸುತ್ತಾರೆ. ದಿನಕ್ಕೆ ಹತ್ತೋ ಹನ್ನೆರಡೋ ಆಗುತ್ತದೆ. ನಿನ್ನೆ ಸುಲಿಯುವ ಮೆಟ್ಟುಕತ್ತಿ ಮುಗಿಯಿತು, ಇನ್ನು 212 ಇವೆ.