ನೀರು ಕುಡಿಯುವ ಗಾಜಿನ ಹಕ್ಕಿ

ಬೆಳಗ್ಗೆಯಿಂದ ಮೇಜಿನ ಮೇಲೆ ಈ ಗಾಜಿನ ಹಕ್ಕಿ ಬಗ್ಗಿ ಬಗ್ಗಿ ನೀರು ಕುಡಿಯುತ್ತಲೇ ಇದೆ. ಬ್ಯಾಟರಿ ಇಲ್ಲ, ಕೀಲಿ ಇಲ್ಲ. ನೋಡಿದವರಿಗೆ ಇದು ಎಂದೂ ನಿಲ್ಲದ ಯಂತ್ರ ಅಂತಲೇ ಅನ್ನಿಸುತ್ತದೆ, ಅಲ್ವಾ? ಆದರೆ ಅದರ ತಲೆಗೆ ಸುತ್ತಿರುವ ಒದ್ದೆ ಬಟ್ಟೆಯನ್ನು ಮುಟ್ಟಿ ನೋಡಿ, ತಣ್ಣಗಿರುತ್ತದೆ. ಗುಟ್ಟೆಲ್ಲ ಅಲ್ಲೇ ಇದೆ. ನೀರು ಆವಿಯಾಗುವಾಗ ತಲೆಯ ಶಾಖವನ್ನು ಎಳೆದುಕೊಳ್ಳುತ್ತದೆ, ಒಳಗಿನ ಆವಿ ತಣಿದು ಹನಿಯಾಗಿ ಅಲ್ಲಿ ಒತ್ತಡ ಇಳಿಯುತ್ತದೆ, ಆಗ ಹೊಟ್ಟೆಯಲ್ಲಿರುವ ಬಣ್ಣದ ದ್ರವ ಕೊಳವೆಯಲ್ಲಿ ನಿಧಾನಕ್ಕೆ ಮೇಲೇರಿ, ತಲೆ ಭಾರವಾಗಿ ಹಕ್ಕಿ ಬಾಗುತ್ತದೆ. ಬಾಗಿದಾಗ ಕೊಳವೆಯ ಕೆಳತುದಿ ದ್ರವದಿಂದ ಹೊರಗೆ ಬರುತ್ತದೆ, ಒಂದು ಗುಳ್ಳೆ ಮೇಲಕ್ಕೆ ಓಡುತ್ತದೆ, ದ್ರವ ವಾಪಸ್ ಕೆಳಗೆ. ಹಕ್ಕಿ ಎದ್ದು ನಿಲ್ಲುತ್ತದೆ. ಅಂದರೆ ಇದನ್ನು ಓಡಿಸುತ್ತಿರುವುದು ಕೋಣೆಯ ಶಾಖ ಮತ್ತು ಒಣ ಗಾಳಿ. ಇದನ್ನು ನೋಡಲೆಂದು ನಾನು ಹಕ್ಕಿಯ ಮೇಲೆ ಒಂದು ಗಾಜಿನ ಜಾಡಿ ಮುಚ್ಚಿದೆ. ಒಳಗಿನ ಗಾಳಿಯಲ್ಲಿ ತೇವ ತುಂಬಿದ ಹಾಗೆ ಬಾಗುವುದು ನಿಧಾನವಾಗಿ, ಕೊನೆಗೆ ನಿಂತೇ ಹೋಯಿತು.

ಎಂದೂ ನಿಲ್ಲದ ಯಂತ್ರ ಅಂತ ಬರುವ ಯಾವುದನ್ನೂ ಇನ್ನು ಪರಿಶೀಲಿಸುವುದಿಲ್ಲ ಅಂತ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿ 1775ರಲ್ಲೇ ತೀರ್ಮಾನಿಸಿತ್ತು. ಸರಿಯಾದ ತೀರ್ಮಾನವೇ. ಆದರೂ ನನಗೆ ಈ ಹಕ್ಕಿ ಈಗ ಮೊದಲಿಗಿಂತ ಜಾಸ್ತಿ ಇಷ್ಟವಾಗಿದೆ. ಸುಮ್ನೆ ಇರುವ ಗಾಳಿಯಲ್ಲಿ ಇಷ್ಟು ಕೆಲಸ ಅಡಗಿರುತ್ತದೆ ಅಂತ ಯೋಚಿಸಿಯೇ ಇರಲಿಲ್ಲ. ಜಾಡಿ ತೆಗೆದೆ. ಸ್ವಲ್ಪ ಹೊತ್ತಿಗೆ ಮತ್ತೆ ತೂಗಾಡತೊಡಗಿತು.