ಒಂದು ಕಾಲಂನಲ್ಲಿ ಹಿಡಿಯದ ಹೆಸರು

2011ರ ಜನವರಿ ಮೊದಲ ವಾರದ ಒಂದು ರಾತ್ರಿ. ವಿದೇಶ ಪುಟ ನನ್ನ ಪಾಲಿಗೆ ಬಂದಿತ್ತು. ಹತ್ತೂವರೆಗೆ ಪುಟ ಬಿಡಬೇಕು, ಗಂಟೆ ಹತ್ತು ದಾಟಿದೆ, ಕೆಳಗೆ ಬಲಮೂಲೆಯಲ್ಲಿ ಒಂದು ಕಾಲಂ ಜಾಗ ಬಾಯಿ ತೆರೆದುಕೊಂಡು ಕೂತಿದೆ. ಏಜೆನ್ಸಿ ಸುದ್ದಿಗಳಲ್ಲಿ ಇಂಗ್ಲಿಷ್ ನಟನೊಬ್ಬ ತೀರಿಕೊಂಡ ವರದಿ ಇತ್ತು. ಪೀಟ್ ಪಾಸಲ್‌ಥ್ವೇಟ್, 64 ವರ್ಷ, ಕ್ಯಾನ್ಸರ್. ಆ ಜಾಗಕ್ಕೆ ಹೇಳಿ ಮಾಡಿಸಿದಂತಹ ಸುದ್ದಿ. ತಲೆಬರಹ ಮಾತ್ರ ಕೂರಲಿಲ್ಲ.

ಅವನ ಮನೆತನದ ಹೆಸರಿಗೆ ಇಂಗ್ಲಿಷಿನಲ್ಲಿ 13 ಅಕ್ಷರ: Postlethwaite. ಮೊದಲ ‘ಟಿ’ ಉಚ್ಚಾರದಲ್ಲಿ ಮಾಯವಾಗುತ್ತದೆ ಎಂಬುದು ಡೆಸ್ಕಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ‘ಪೋಸ್ಟಲ್‌ವೈಟ್’ ಎಂದು ಹೊಡೆದೆ. ಪಕ್ಕದ ಕುರ್ಚಿಯವರು ಇಣುಕಿ, ‘ಏನಪ್ಪಾ, ಅಂಚೆ ಇಲಾಖೆಯವನೇ?’ ಎಂದರು. ಬೇರೆ ಬೇರೆ ರೀತಿಯಲ್ಲಿ ಬರೆದು ನೋಡಿದೆ. ಉದ್ದ ಬರೆದರೆ ಹೆಸರು ಮುರಿದು ಎರಡನೆಯ ಸಾಲಿಗೆ ಜಾರುತ್ತದೆ. ಸಾಲುಗಳನ್ನು ಒತ್ತಿದರೆ ಒತ್ತಕ್ಷರ ಕೆಳಗಿನ ಸಾಲಿನ ನೆತ್ತಿಗೆ ಕುಟ್ಟುತ್ತದೆ. ಪುಟ ವಿನ್ಯಾಸಕರು ಮಾತಾಡದೆ ಗಡಿಯಾರ ನೋಡಿದರು. ನಾನು ಆ ಹೆಸರನ್ನು ಪೂರ್ತಿ ಅಳಿಸಿದೆ. ‘ಹಾಲಿವುಡ್ ನಟ ಪೀಟ್ ನಿಧನ.’ ಎರಡು ಸಾಲಿಗೆ ಚೊಕ್ಕವಾಗಿ ಕೂತಿತು. ಚಹಾ ಕುಡಿಯಲು ಹೋದೆ.

ಮರುದಿನ ಹಿರಿಯ ರಂಗಕರ್ಮಿಯೊಬ್ಬರು ಕಚೇರಿಗೆ ಫೋನ್ ಮಾಡಿದರು. ಪರಿಚಯದವರೇ. ‘ನಮ್ಮ ತಂಡದಲ್ಲಿ ಲೈಟ್ ಮಾಡುತ್ತಿದ್ದ ಪೀಟರ್ ಹೋಗಿಬಿಟ್ಟನೇನೋ ಎಂದು ಗಾಬರಿಯಾದೆ. ಆಮೇಲೆ, ಅವನು ಹಾಲಿವುಡ್‌ಗೆ ಹೋದದ್ದು ಯಾವಾಗ ಎಂದು ಯೋಚನೆಗೆ ಬಿದ್ದೆ’ ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ‘ಹೆಸರು ಬದಲಿಸಿಕೋ ಎಂದು ಜನ ಹೇಳಿದರೂ ಆ ಮನುಷ್ಯ ಬದಲಿಸಲಿಲ್ಲ. ಸತ್ತ ಮೇಲೆ ನೀನು ಬದಲಿಸಿದೆ’ ಎಂದು ಫೋನಿಟ್ಟರು.

ಆ ಕಥೆ ಆಮೇಲೆ ತಿಳಿಯಿತು. ನಟನೆಗೆ ಇಳಿದ ಹೊಸತರಲ್ಲಿ ಅವನ ಮೊದಲ ಏಜೆಂಟ್, ಜತೆಯವರು ಎಲ್ಲರೂ ಹೆಸರು ಬದಲಿಸಲು ಹೇಳಿದ್ದರಂತೆ. ಅಷ್ಟುದ್ದದ ಹೆಸರನ್ನು ನಾಟಕ ಮಂದಿರದ ಮುಂದೆ ದೀಪಗಳಲ್ಲಿ ಬರೆಸಿದರೆ ಕರೆಂಟಿನ ಖರ್ಚು ಯಾರಿಗೂ ಪೂರೈಸುವುದಿಲ್ಲ ಎಂಬುದು ಅವರ ತಮಾಷೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕರೆಂಟಿನ ಖರ್ಚನ್ನು ಉಳಿಸಿದವನು ಕೊನೆಗೆ ನಾನಾದೆ.

ಸುದ್ದಿಮನೆಯಲ್ಲಿ ನಮಗೆ ಕಲಿಸುವುದು ಬಾಲ ಕತ್ತರಿಸುವುದನ್ನು. ಏಜೆನ್ಸಿ ಸುದ್ದಿಯಲ್ಲಿ ಮುಖ್ಯವಾದದ್ದು ಮೇಲಿರುತ್ತದೆ, ಜಾಗ ಸಾಲದಿದ್ದರೆ ಕೆಳಗಿನಿಂದ ಕೊಯ್ಯುತ್ತಾ ಬಾ. ಬಜೆಟ್ಟಿಗೆ, ಭೂಕಂಪಕ್ಕೆ ಇದು ಸರಿಯೇ. ಆದರೆ ಇಂತಹ ನಟರ ನಿಧನ ವಾರ್ತೆಯಲ್ಲಿ ಮೇಲಿರುವುದು ಅವರು ಯಾವ ದೊಡ್ಡವರ ಪಕ್ಕದಲ್ಲಿ ನಿಂತಿದ್ದರು ಎಂಬುದು. ಬದುಕು ಬಾಲದಲ್ಲಿರುತ್ತದೆ. ನಾನು ಉಳಿಸಿಕೊಂಡ ಐದು ಸಾಲುಗಳಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಇದ್ದರು, ಆಸ್ಕರ್ ಇತ್ತು. ಅವನು ಇರಲಿಲ್ಲ.

ಕತ್ತರಿಸಿದ್ದನ್ನು ಮತ್ತೆ ಹುಡುಕಿ ಓದಿದೆ. 1946ರ ಫೆಬ್ರುವರಿ 7ರಂದು ಲ್ಯಾಂಕಾಶೈರಿನ ವಾರಿಂಗ್ಟನ್‌ನಲ್ಲಿ ಹುಟ್ಟಿದವನು. ನಾಲ್ವರಲ್ಲಿ ಕೊನೆಯವನು. ತಂದೆ ಮರದ ಪೀಪಾಯಿ ಕಟ್ಟುವವನು, ಮುಂದೆ ಶಾಲೆಯೊಂದರ ಕಟ್ಟಡ ನೋಡಿಕೊಳ್ಳುವವನು. ಕ್ಯಾಥೊಲಿಕ್ ಮನೆ, ಹುಡುಗನಿಗೆ ಪಾದ್ರಿಯಾಗುವ ಮನಸ್ಸಿತ್ತು. ಆದದ್ದು ನಾಟಕ ಕಲಿಸುವ ಮೇಷ್ಟ್ರು. ಅದನ್ನೂ ಬಿಟ್ಟು ಬ್ರಿಸ್ಟಲ್ ಓಲ್ಡ್ ವಿಕ್ ರಂಗಶಾಲೆ ಸೇರಿದ. 1970ರ ದಶಕದಲ್ಲಿ ಲಿವರ್‌ಪೂಲಿನ ಎವ್ರಿಮನ್ ರಂಗಮಂದಿರದಲ್ಲಿ ಅವನ ಜತೆಗಿದ್ದವರು ಜೂಲಿ ವಾಲ್ಟರ್ಸ್, ಬಿಲ್ ನೈ, ಜೊನಾಥನ್ ಪ್ರೈಸ್. ಮುಂದೆ ಒಬ್ಬೊಬ್ಬರೂ ಹೆಸರು ಮಾಡಿದರು. ಅವನಿಗೆ ಹೆಸರಿಗಿಂತ ಮೊದಲು ಮುಖ ಪ್ರಸಿದ್ಧವಾಯಿತು: ಗುಳಿಬಿದ್ದ ಕಣ್ಣು, ಚರ್ಮದ ಅಡಿಯಿಂದ ಗುದ್ದುತ್ತಿರುವಂತಹ ಕೆನ್ನೆಯ ಮೂಳೆ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಹೆಸರು ಕೇಳಿದರೆ ಮಾತ್ರ ‘ಅವನೇ ಕಣ್ರೀ, ಆ ಚಿತ್ರದಲ್ಲಿ...’ ಎಂದು ಕೈ ತಿರುಗಿಸುತ್ತೇವೆ.

ಆಸ್ಕರ್ ನಾಮನಿರ್ದೇಶನ ಬಂದದ್ದು 1993ರ ‘ಇನ್ ದ ನೇಮ್ ಆಫ್ ದ ಫಾದರ್’ ಚಿತ್ರಕ್ಕೆ. ಮಾಡದ ತಪ್ಪಿಗೆ ಮಗನೊಂದಿಗೆ ಜೈಲು ಸೇರಿ, 1980ರಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡ ಬೆಲ್‌ಫಾಸ್ಟಿನ ಜುಸೆಪ್ಪೆ ಕಾನ್ಲನ್ ಪಾತ್ರ. ಚಿತ್ರದಲ್ಲಿ ತಂದೆ ಮಗ ಒಂದೇ ಕೋಣೆಯಲ್ಲಿರುತ್ತಾರೆ. ವಾಸ್ತವದಲ್ಲಿ ಹಾಗಿರಲಿಲ್ಲ ಎಂಬ ತಕರಾರು ಆಗಲೇ ಎದ್ದಿತ್ತು. ಉಪಸಂಪಾದಕನಾಗಿ ಆ ತಕರಾರಿನ ಪಕ್ಷ ನನ್ನದು. ಪ್ರೇಕ್ಷಕನಾಗಿ ಅಲ್ಲ. 1995ರ ‘ದ ಯೂಷುಯಲ್ ಸಸ್ಪೆಕ್ಟ್ಸ್’ನಲ್ಲಿ ಅವನು ಕೊಬಾಯಾಶಿ ಎಂಬ ವಕೀಲ, ಯಾವ ದೇಶದವನೆಂದು ಗುರುತು ಸಿಗದಂತಹ ಮಾತು. ಆ ಹೆಸರು ಎಲ್ಲಿಂದ ಬಂತು ಎಂಬುದು ಚಿತ್ರವನ್ನು ಕೊನೆಯವರೆಗೆ ನೋಡಿದವರಿಗೆ ಗೊತ್ತು, ಹೇಳಿ ಕೆಡಿಸುವುದಿಲ್ಲ.

ನಾನು ಪದೇ ಪದೇ ನೋಡುವುದು 1996ರ ‘ಬ್ರಾಸ್ಡ್ ಆಫ್’. ಯಾರ್ಕ್‌ಶೈರಿನ ಕಲ್ಲಿದ್ದಲು ಗಣಿ ಮುಚ್ಚುತ್ತಿದೆ. ಗಣಿ ಕಾರ್ಮಿಕರ ವಾದ್ಯತಂಡಕ್ಕೆ ಡ್ಯಾನಿ ಎಂಬ ಹಟಮಾರಿ ನಿರ್ದೇಶಕ. ಊರು ಬೀಳುತ್ತಿದ್ದರೂ ಇವನಿಗೆ ತಾಳ ತಪ್ಪಬಾರದು. ಕಲ್ಲಿದ್ದಲ ಧೂಳಿನಿಂದ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರುತ್ತಾನೆ. ಆ ರಾತ್ರಿ ತಂಡದವರು ತಲೆಗೆ ಗಣಿಯ ದೀಪ ಕಟ್ಟಿಕೊಂಡು ಕಿಟಕಿಯ ಕೆಳಗೆ ‘ಡ್ಯಾನಿ ಬಾಯ್’ ನುಡಿಸುತ್ತಾರೆ. ಕೊನೆಗೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಂಡ ಗೆಲ್ಲುತ್ತದೆ. ಇಡೀ ಬದುಕು ಇದಕ್ಕಾಗಿಯೇ ಕಾದಿದ್ದ ಮನುಷ್ಯ ವೇದಿಕೆಗೆ ಬಂದು, ಸಂಗೀತವೇ ದೊಡ್ಡದು ಎಂದುಕೊಂಡಿದ್ದೆ, ಜನರ ಮುಂದೆ ಅದು ಏನೂ ಅಲ್ಲ ಎನ್ನುತ್ತಾನೆ. ದನಿ ಏರಿಸುವುದಿಲ್ಲ. ಚಂಬವಾಂಬ ಎಂಬ ಬ್ರಿಟಿಷ್ ಸಂಗೀತ ತಂಡ ಮರುವರ್ಷ ತನ್ನ ‘ಟಬ್‌ತಂಪಿಂಗ್’ ಹಾಡನ್ನು ಆಲ್ಬಂನಲ್ಲಿ ಈ ಮಾತಿನಿಂದಲೇ ಆರಂಭಿಸಿತು. ಯಾರ ದನಿ ಎಂದು ತಿಳಿಯದೆ ಎಷ್ಟು ಮಂದಿ ಅದನ್ನು ಕೇಳಿದರೋ!

ಡ್ಯಾನಿಯ ಪಾತ್ರ ಮಾಡಿದ ಇದೇ ಮನುಷ್ಯ ಮುಂದೆ ಇಂಗ್ಲೆಂಡಿನ ಕಿಂಗ್ಸ್‌ನಾರ್ತ್‌ನಲ್ಲಿ ಹೊಸ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಒಪ್ಪಿಗೆ ಕೊಟ್ಟರೆ ತನಗೆ ಸಂದ ಬ್ರಿಟನ್ನಿನ ಒಬಿಇ ಗೌರವವನ್ನು ಹಿಂತಿರುಗಿಸುವುದಾಗಿ ಸರ್ಕಾರವನ್ನು ಎಚ್ಚರಿಸಿದ. ಅದಕ್ಕೊಂದು ವರ್ಷ ಮುಂಚೆ, 2008ರಲ್ಲಿ, ಎವ್ರಿಮನ್‌ಗೆ ಮರಳಿ ಶೇಕ್ಸ್‌ಪಿಯರ್ ನಾಟಕದ ಲಿಯರ್ ದೊರೆಯಾದ. ವಾಸವಿದ್ದದ್ದು ಇಂಗ್ಲೆಂಡಿನ ಶ್ರಾಪ್‌ಶೈರಿನಲ್ಲಿ, ಹಳ್ಳಿಗಾಡಿನಲ್ಲಿ. ‘ಹಾಲಿವುಡ್ ನಟ’ ಎಂದು ಬರೆದ ಕೈಯನ್ನು ಏನು ಮಾಡೋಣ?

ಇನ್ನೊಂದು ತಪ್ಪು ಇದಕ್ಕಿಂತ ಸಣ್ಣದು, ಆದರೆ ಹೆಚ್ಚು ಚುಚ್ಚುವಂಥದ್ದು. 1997ರಲ್ಲಿ ಎರಡು ಚಿತ್ರ ಜತೆಯಾಗಿ ಮಾಡಿದ ಸ್ಪೀಲ್‌ಬರ್ಗ್, ಅವನನ್ನು ಜಗತ್ತಿನ ಅತ್ಯುತ್ತಮ ನಟ ಎಂದಿದ್ದರು. ಅದನ್ನು ಹಾಕಿದ್ದೆ. ಅದಕ್ಕೆ ಅವನು ಕೊಟ್ಟ ಉತ್ತರವನ್ನು ಕೊಯ್ದಿದ್ದೆ: ಸ್ಪೀಲ್‌ಬರ್ಗ್ ನಿಜವಾಗಿ ಹೇಳಿದ್ದು ‘ಪೀಟ್ ತನ್ನನ್ನು ಜಗತ್ತಿನ ಅತ್ಯುತ್ತಮ ನಟ ಎಂದುಕೊಂಡಿದ್ದಾನೆ’ ಎಂದಿರಬೇಕು. ಹೊಗಳಿಕೆ ಉಳಿಯಿತು, ಮನುಷ್ಯ ಹೋದ.

ನಮ್ಮ ಪದವೂ ಒಂದು ತೊಡಕು. ಇಂತಹವರನ್ನೆಲ್ಲ ‘ಪೋಷಕ ನಟ’ ಎನ್ನುತ್ತೇವೆ, ಅವರ ಕೆಲಸ ಯಾರನ್ನೋ ಪೋಷಿಸುವುದೊಂದೇ ಎಂಬಂತೆ. 2010ರ ಜನವರಿಯಲ್ಲಿ ಕೆ.ಎಸ್. ಅಶ್ವತ್ಥ್ ತೀರಿಕೊಂಡಾಗ ಡೆಸ್ಕಿನಲ್ಲಿ ಒಬ್ಬರೂ ಈ ಪದ ಹುಡುಕಲಿಲ್ಲ. ಚಾಮಯ್ಯ ಮೇಷ್ಟ್ರು ಹೋದರು ಎಂದರೆ ಸಾಕಿತ್ತು. ಈಗ ನಿಧನ ಸುದ್ದಿ ಕೈಗೆ ಬಂದರೆ ನಾನು ಮೊದಲು ನೋಡುವುದು ಇದನ್ನೇ: ನಮ್ಮ ಓದುಗ ಇವರನ್ನು ಎಲ್ಲಿ ನೋಡಿದ್ದಾನೆ? ಏಜೆನ್ಸಿ ಸುದ್ದಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಹೊಸಬರಿಗೆ ಇದು ವಿಚಿತ್ರ ಅಭ್ಯಾಸವಾಗಿ ಕಾಣುತ್ತದೆ. ಹೆಸರು ಹಿಡಿಯದಿದ್ದರೆ ವಿನ್ಯಾಸಕರ ಮುಂದೆ ನಿಂತು ಎರಡು ಕಾಲಂ ಕೇಳುತ್ತೇನೆ. ಬೈಸಿಕೊಂಡು ಒಂದೂವರೆ ಪಡೆದ ದಿನಗಳೂ ಇವೆ.

2023ರ ಡಿಸೆಂಬರ್ 30ರಂದು ಟಾಮ್ ವಿಲ್ಕಿನ್ಸನ್ ತೀರಿಕೊಂಡರು. ಲೀಡ್ಸ್‌ನಲ್ಲಿ ಹುಟ್ಟಿದವರು, 75 ವರ್ಷ, ಅದೇ ಜಾತಿಯ ನಟ. ಪುಟ ನೋಡುತ್ತಿದ್ದ ಹುಡುಗಿ ‘ಹಾಲಿವುಡ್ ನಟ ಟಾಮ್ ನಿಧನ’ ಎಂದು ತಲೆಬರಹ ಕೂರಿಸಿ ನನ್ನತ್ತ ನೋಡಿದಳು. ‘ಯಾವ ಟಾಮ್ ಅಮ್ಮಾ?’ ಎಂದೆ. ಅವಳು ಸ್ವಲ್ಪ ಹೊತ್ತು ಸುದ್ದಿಯ ಬಾಲದಲ್ಲಿ ಹುಡುಕಿದಳು. ‘ಫುಲ್ ಮಾಂಟಿ’ಯಲ್ಲಿ ಕೆಲಸ ಹೋದದ್ದನ್ನು ಹೆಂಡತಿಯಿಂದ ಮುಚ್ಚಿಟ್ಟ ಫೋರ್‌ಮನ್ ಎಂದು ಓದಿ, ‘ಓ, ಇವರಾ ಸಾರ್! ರಾಜಸ್ಥಾನದ ಹೋಟೆಲ್ಲಿನ ಚಿತ್ರದಲ್ಲಿ ನಿವೃತ್ತ ನ್ಯಾಯಾಧೀಶರಾಗಿದ್ದವರು’ ಎಂದಳು. ತಲೆಬರಹ ಅಳಿಸಿ ಪೂರ್ತಿ ಹೆಸರು ಬರೆದಳು. ಒಂದು ಕಾಲಂನಲ್ಲಿ ಹಿಡಿಯಿತು, ಪಕ್ಕದಲ್ಲಿ ಇನ್ನೂ ಒಂದೆರಡು ಅಕ್ಷರದ ಜಾಗ ಉಳಿಯಿತು.